ಉಪಾಂತ್ಯ ಮುಗಿಯದೆ ಏಳಬೇಡಿ

ಡಿಸೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ ನಮ್ಮ ಉಡುಪಿ ಜಿಲ್ಲೆಯ ಶನಿವಾರದ ರಾತ್ರಿಗೆ ಪುರುಸೊತ್ತೆಂಬುದಿಲ್ಲ. ಒಂದು ಕಡೆ ಮೇಳದ ಆಟ, ಇನ್ನೊಂದು ಕಡೆ ಕೋಲ. ಮಿಯಾರಿನಲ್ಲೋ ಕಟಪಾಡಿಯಲ್ಲೋ ಕಂಬಳ ಬಿತ್ತೆಂದರೆ ಅದು ಮರುದಿನ ಬೆಳಗಾದರೂ ಮುಗಿಯದು. ಇವೆಲ್ಲದರ ಎಡೆಯಲ್ಲಿ ಯಾವುದೋ ಶಾಲೆಯ ಮೈದಾನದಲ್ಲಿ, ಕೊಯ್ಲಾದ ಗದ್ದೆಯಲ್ಲಿ, ಕಂಬ ನೆಟ್ಟು ಲೈಟು ಕಟ್ಟಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’. ಯಕ್ಷಗಾನಕ್ಕೆ ಹೋಗುವವರು ಬೆಳಗಿನ ಜಾವ ಬಂದರೆ ಮನೆಯಲ್ಲಿ ಗೌರವ ಉಂಟು, ಕೋಲಕ್ಕೆ ಹೋದವರಿಗೆ ಪುಣ್ಯ ಉಂಟು. ಕಬಡ್ಡಿ ನೋಡಿ ಮೂರೂವರೆಗೆ ಬಂದು ಬಾಗಿಲು ತಟ್ಟುವ ನನ್ನಂಥವರಿಗೆ ಮಾತ್ರ ಎರಡೂ ಇಲ್ಲ. ಆದರೂ ನಾನೂ ನನ್ನ ಭಾವನೂ ಇದನ್ನು ಬಿಟ್ಟವರಲ್ಲ.

ಭಾವ ಕಾರ್ಕಳದ ಕಡೆಯವರು. ಒಂದು ಕಾಲದಲ್ಲಿ ತಮ್ಮೂರಿನ ಯುವಕ ಮಂಡಲದ ಎಡ ಮೂಲೆಯ ಆಟಗಾರ. ಈಗ ಮಂಡಿ ಕೈಕೊಟ್ಟಿದೆ. ಮೆಟ್ಟಿಲು ಹತ್ತುವಾಗ ಅಮ್ಮಾ ಅನ್ನುತ್ತಾರೆ. ಆದರೆ ಎಲ್ಲೋ ದೂರದಲ್ಲಿ ಸೀಟಿಯ ಸದ್ದು ಕೇಳಿದರೆ ಬೇಲಿ ಹಾರುತ್ತಾರೆ.

ಆಮಂತ್ರಣ ಪತ್ರಿಕೆ ಈಗ ವಾಟ್ಸಾಪಿನಲ್ಲೇ ಬರುತ್ತದೆ. ಅದನ್ನು ಓದುವುದಕ್ಕೂ ಅಭ್ಯಾಸ ಬೇಕು. ಮೇಲೆ ಊರ ದೇವರ ಹೆಸರು, ಅದರ ಕೆಳಗೆ ಸಂಘದ ಹೆಸರು, ಆಮೇಲೆ ಜಿಲ್ಲಾ ಅಮೆಚೂರ್ ಕಬಡ್ಡಿ ಅಸೋಸಿಯೇಷನ್ನಿನ ಸಹಯೋಗ. ಪ್ರಥಮ 33,333 ರೂಪಾಯಿ, ದ್ವಿತೀಯ 22,222, ತೃತೀಯ ಮತ್ತು ಚತುರ್ಥ ತಲಾ 11,111, ಜೊತೆಗೆ ಶಾಶ್ವತ ಫಲಕ. ಸೊನ್ನೆಯಲ್ಲಿ ಮುಗಿಯುವ ಬಹುಮಾನ ಈ ಕಡೆ ಅಪರೂಪ. ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆಗಳು: 65 ಕೆ.ಜಿ. ವಿಭಾಗ, ಮ್ಯಾಟ್ ಅಂಕಣ, ಆಧಾರ್ ಕಾರ್ಡ್ ಕಡ್ಡಾಯ, ತೀರ್ಪುಗಾರರ ತೀರ್ಮಾನವೇ ಅಂತಿಮ. ಉಳಿದ ಮುಕ್ಕಾಲು ಪುಟ ಅತಿಥಿಗಳದ್ದು. ಭಾವ ಬೇರೆ ಯಾವುದನ್ನೂ ನೋಡದೆ ನೇರ ಅತಿಥಿಗಳ ಪಟ್ಟಿಗೆ ಹೋಗುತ್ತಾರೆ. ಬೆರಳಿಟ್ಟು ಎಣಿಸಿ, “ಹದಿನೆಂಟು ಜನ ಉಂಟು ಭಾವ. ಊಟ ಮಾಡಿ ಒಂದು ನಿದ್ದೆ ಮಾಡಿಯೇ ಹೋಗುವ” ಅನ್ನುತ್ತಾರೆ.

ಆ ಲೆಕ್ಕಾಚಾರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ತೂಕ.

ಸೀನಿಯರ್ ಪುರುಷರ ಕಬಡ್ಡಿಯಲ್ಲಿ ರಾಷ್ಟ್ರಮಟ್ಟದ ತೂಕದ ಮಿತಿ 85 ಕೆ.ಜಿ. ಊರಿನ ಪಂದ್ಯಾಟಗಳಲ್ಲಿ 55, 60, 65 ಎಂದು ಕೆಳಕೆಳಗೆ ಇಳಿಸಿರುವುದು ಬಡಕಲು ಹುಡುಗರಿಗೂ ಜಾಗ ಇರಲಿ ಎಂದು. ಉದ್ದೇಶ ಒಳ್ಳೆಯದೇ. ಆದರೆ ಸಂಜೆ ಆರರ ಹೊತ್ತಿಗೆ ಮೈದಾನದ ಹಿಂದೆ ಹೋಗಿ ನೋಡಬೇಕು. ಅರುವತ್ತಾರೂವರೆ ಕೆ.ಜಿ.ಯ ಒಬ್ಬ, ಸ್ವೆಟರಿನ ಮೇಲೆ ರೈನ್‌ಕೋಟು ಹಾಕಿಕೊಂಡು, ಈ ಕರಾವಳಿಯ ಸೆಕೆಯಲ್ಲಿ ಗದ್ದೆಯ ಹುಣಿಯ ಮೇಲೆ ಓಡುತ್ತಿರುತ್ತಾನೆ. ಬೆಳಗ್ಗಿನಿಂದ ಹೊಟ್ಟೆಗೆ ನೀರೂ ಇಲ್ಲ. ರೇಷನ್ ಅಂಗಡಿಯಿಂದ ಎರವಲು ತಂದ ತಕ್ಕಡಿಯ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಉಸಿರು ಬಿಗಿಹಿಡಿದರೆ ತೂಕ ಕಡಿಮೆಯಾಗುತ್ತದೆಂದು ಅವನಿಗೆ ಯಾರು ಹೇಳಿದರೋ. ಪಾಸಾದ ಮರುಕ್ಷಣ ಗೂಡಂಗಡಿಗೆ ಓಡಿ ಎರಡು ಆಮ್ಲೆಟ್, ನಾಲ್ಕು ಬನ್ಸ್. ಮೊದಲ ಪಂದ್ಯಕ್ಕೆ ಅಂಕಣಕ್ಕಿಳಿಯುವಾಗ ಅವನು ಅರುವತ್ತೇಳು.

ಆಧಾರ್ ಕಾರ್ಡಿನ ಕಥೆ ಬೇರೆ. ‘ಅತಿಥಿ ಆಟಗಾರ’ ಎಂಬ ಜಾತಿಯೊಂದು ಉಂಟು. ಹಿಂದಿನ ಶನಿವಾರ ಒಂದು ಊರಿನ ಮಗ, ಈ ಶನಿವಾರ ಇನ್ನೊಂದು ಊರಿನ ಮಗ. ಅವನಿಗೆ ಗಾಡಿ ಖರ್ಚೆಂದು ಎಷ್ಟು ಕೊಟ್ಟರೆಂಬುದು ಪ್ರೇಕ್ಷಕರ ಸಾಲಿನಲ್ಲಿ ಕುಳಿತ ಎಲ್ಲರಿಗೂ ಗೊತ್ತಿರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಮೊತ್ತ. ಇವರು ಬಂದದ್ದರಿಂದ ಆಟದ ಮಟ್ಟ ಏರಿತೆನ್ನುವವರು ಉಂಟು. ನನಗಂತೂ ತಮ್ಮೂರಿನ ಏಳು ಜನರನ್ನೇ ಕಟ್ಟಿಕೊಂಡು ಬಂದು ಸೋಲುವ ತಂಡದ ಮೇಲೇ ಪ್ರೀತಿ. ಭಾವನದ್ದು ಗೆಲ್ಲುವ ತಂಡದ ಮೇಲೆ. ಸ್ಕೂಟರಿನಲ್ಲಿ ಹೋಗುವಾಗ ಬರುವಾಗ ಮಾತಿಗೆ ವಿಷಯ ಬೇಕಲ್ಲ.

ಹೊರದೇಶಗಳ ಕ್ಲಬ್ಬುಗಳು ರಗ್ಬಿ ಆಡುವಾಗ ತಿಂಗಳುಗಟ್ಟಲೆ ಲೀಗ್ ನಡೆದು, ಅಂಕಪಟ್ಟಿ ಆಗಿ, ಮೇಲಿನ ನಾಲ್ಕು ತಂಡಗಳು ಪ್ಲೇ ಆಫ್‌ಗೆ ಹೋಗುತ್ತವಂತೆ. ನಮ್ಮಲ್ಲಿ ಆ ಇಡೀ ಸೀಸನ್ನು ಒಂದೇ ರಾತ್ರಿಗೆ ಅಡಕ. ಏಳು ಗಂಟೆಗೆ ಲೀಗ್, ಹನ್ನೊಂದಕ್ಕೆ ಕ್ವಾರ್ಟರ್, ಒಂದೂವರೆಗೆ ಸೆಮಿ, ಕೋಳಿ ಕೂಗುವ ಮೊದಲು ಫೈನಲ್. ಮುಂದಿನ ಶನಿವಾರ ಬೇರೆ ಊರಿನಲ್ಲಿ ಅದೇ ತಂಡಗಳು ಸೊನ್ನೆಯಿಂದ ಶುರು. ಇದನ್ನೆಲ್ಲ ಒಂದು ಸೀಸನ್ನಾಗಿ ಪೋಣಿಸುವವರು ಭಾವ ಒಬ್ಬರೇ. ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ಅವರದ್ದೊಂದು ಪಟ್ಟಿ. ಕಾಪುವಿನಲ್ಲಿ ಯಾರು ಯಾರನ್ನು ಸೋಲಿಸಿದರು, ಶಿರ್ವದಲ್ಲಿ ಏನಾಯಿತು, ಬೈಲೂರಿನಲ್ಲಿ ಯಾರ ಭುಜ ಜಾರಿತು, ಹಿರಿಯಡಕದಲ್ಲಿ ಯಾವ ತಂಡ ತೀರ್ಪು ಸರಿಯಿಲ್ಲವೆಂದು ಅಂಕಣ ಬಿಟ್ಟು ಹೋಯಿತು, ಎಲ್ಲವೂ ಅದರಲ್ಲಿ ಉಂಟು. ಏಪ್ರಿಲಿನ ಹೊತ್ತಿಗೆ, ಯಾವ ಸಂಸ್ಥೆಯೂ ಘೋಷಿಸದ, ಯಾರೂ ಬಹುಮಾನ ಕೊಡದ ಚಾಂಪಿಯನ್ ಒಬ್ಬರು ಆ ಡೈರಿಯಲ್ಲಿ ತಯಾರಾಗಿರುತ್ತಾರೆ. ಆ ತಂಡಕ್ಕೇ ಅದು ಗೊತ್ತಿರುವುದಿಲ್ಲ.

ಮ್ಯಾಟ್ ಬಂದಮೇಲೆ ಆಟ ಬದಲಾಗಿದೆ. ಹಿಂದೆ ಕೆಂಪು ಮಣ್ಣು ಜರಡಿ ಹಿಡಿದು, ಮರದ ಹುಡಿ ಬೆರೆಸಿ, ನೀರು ಚಿಮುಕಿಸಿ ಅಂಕಣ ಮಾಡುತ್ತಿದ್ದರು; ಮೊಣಕೈಯ ಚರ್ಮ ಅಲ್ಲೇ ಬಿಟ್ಟು ಬರಬೇಕಿತ್ತು. ಈಗ ಟೆಂಪೋದಲ್ಲಿ ಹಲ್ಲು ಹಲ್ಲಿನ ಚಪ್ಪಟೆ ತುಂಡುಗಳು ಬರುತ್ತವೆ. ಒಂದಕ್ಕೊಂದು ಸಿಕ್ಕಿಸಿ ಹದಿಮೂರು ಮೀಟರ್ ಉದ್ದ ಹತ್ತು ಮೀಟರ್ ಅಗಲ ಹಾಸಿದರೆ ಅಂಕಣ ಸಿದ್ಧ. ಹನ್ನೆರಡು ಗಂಟೆ ಕಳೆದರೆ ಇದಕ್ಕೆ ಒಬ್ಬ ಹೊಸ ಶತ್ರು ಹುಟ್ಟಿಕೊಳ್ಳುತ್ತಾನೆ, ಇಬ್ಬನಿ. ಜನವರಿಯ ಇಬ್ಬನಿಗೆ ಆಟಗಾರರ ಬೆವರೂ ಸೇರಿ ಮ್ಯಾಟ್ ಜಾರತೊಡಗುತ್ತದೆ. ಪ್ರತಿ ಪಂದ್ಯಕ್ಕೆ ಮೊದಲು ಸಂಘದ ಹುಡುಗರು ಹಳೆ ಬೈರಾಸು ಹಿಡಿದು ಸಾಲಾಗಿ ಬಗ್ಗಿ ಒರೆಸುತ್ತಾರೆ. ವೀಕ್ಷಕ ವಿವರಣೆಯವರಿಗೆ ಅದೂ ಒಂದು ವಿಷಯ. ಹಳಗನ್ನಡ, ತುಳು, ಇಂಗ್ಲಿಷ್ ಮೂರೂ ಕಲಸಿದ ಆ ಧಾಟಿಯಲ್ಲಿ ರೈಡರನ್ನು ‘ಸವ್ಯಸಾಚಿ’ ಎಂದು ಕರೆದವರು, ಒರೆಸುವ ಹುಡುಗರನ್ನೂ ‘ಕರ್ಮಯೋಗಿಗಳು’ ಎಂದು ಬಿಡುತ್ತಾರೆ.

2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಎಲ್ಲ ಕಡೆ ‘ಪ್ರೊ ಮಾದರಿ’. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಮೂರೋ ಅದಕ್ಕಿಂತ ಕಡಿಮೆಯೋ ಜನ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡಂಕ. ಮೂವತ್ತು ಸೆಕೆಂಡಿನ ಲೆಕ್ಕ ಈಗ ಐದನೇ ಕ್ಲಾಸಿನ ಮಕ್ಕಳಿಗೂ ಬಾಯಿಪಾಠ. ಟೀವಿಯಲ್ಲಿ ನಮ್ಮವರು ಕಂಡದ್ದೂ ಒಂದು ಕಾರಣ. ಪುತ್ತೂರಿನ ಪ್ರಶಾಂತ್ ರೈ, ಕರಾವಳಿಯವರೇ ಆದ ಸುಕೇಶ್ ಹೆಗ್ಡೆ. 2017ರಲ್ಲಿ ಸುಕೇಶ್ ಗುಜರಾತ್ ತಂಡದ ನಾಯಕರಾಗಿ, ತಂಡ ಬಂದ ಮೊದಲ ವರ್ಷವೇ ಫೈನಲ್ ಮುಟ್ಟಿಸಿದರು. ಚೆನ್ನೈಯಲ್ಲಿ ಪಟ್ನಾ ಎದುರು 55–38ರಿಂದ ಸೋತರು. ಟೀವಿ ಬರುವುದಕ್ಕೂ ಮೊದಲಿನವರು ಮಾಣಿಯ ಉದಯ ಚೌಟ, 2007ರ ವಿಶ್ವಕಪ್ ಗೆದ್ದ ತಂಡದವರು. ಅವರನ್ನು ಹತ್ತಿರದಿಂದ ನೋಡಿದ್ದೇನೆಂದು ಭಾವ ಹೇಳುವಾಗ ಧ್ವನಿ ಒಂದು ಮೆಟ್ಟಿಲು ಇಳಿಯುತ್ತದೆ.

ಆದರೆ ಕಾರ್ಕಳ ತಾಲೂಕಿನಲ್ಲಿ ಕುಳಿತು ಕಬಡ್ಡಿಯ ಮಾತಾಡುವವರು ಮೊದಲು ಹೇಳಬೇಕಾದ ಹೆಸರು ಮಮತಾ ಪೂಜಾರಿ. ಅಜೆಕಾರಿನ ಹತ್ತಿರದ ಹೆರ್ಮುಂಡೆಯವರು. ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಕಬಡ್ಡಿ ಮೊದಲ ಬಾರಿ ಸೇರಿದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ಆ ಚಿನ್ನದಲ್ಲಿ ಇವರಿದ್ದರು, 2014ರ ಇಂಚಿಯಾನ್ ಚಿನ್ನದಲ್ಲೂ. 2012ರ ಪಟ್ನಾ ವಿಶ್ವಕಪ್ ಗೆದ್ದಾಗ ನಾಯಕಿ. 2014ರಲ್ಲಿ ಅರ್ಜುನ ಪ್ರಶಸ್ತಿ. ಇಂಥವರ ಊರಿನ ಸುತ್ತಮುತ್ತಲೂ ಎಷ್ಟೋ ಪಂದ್ಯಾಟಗಳಲ್ಲಿ ಇಂದಿಗೂ ಹೆಣ್ಣುಮಕ್ಕಳದ್ದು ಬರೀ ‘ಪ್ರದರ್ಶನ ಪಂದ್ಯ’. ಅತಿಥಿಗಳು ಬಂದು ಕುರ್ಚಿಯಲ್ಲಿ ಕುಳಿತಾಗ ಎರಡು ಕಾಲೇಜಿನ ತಂಡಗಳನ್ನು ಹದಿನೈದು ನಿಮಿಷ ಆಡಿಸಿ, ಫೋಟೋ ತೆಗೆಸಿ, ಹಾರ ಹಾಕಿ ಕಳಿಸುವುದು. ಸೋತರೆ ಮನೆಗೆ ಹೋಗಬೇಕಾದ ಆಟವನ್ನು ಅವರಿಗೂ ಆಡಗೊಟ್ಟರೆ ಏನಾಗುತ್ತದೆಂದು ನಾನು ಒಬ್ಬ ಕಾರ್ಯದರ್ಶಿಯಲ್ಲಿ ಕೇಳಿದ್ದೆ. “ಲೇಟ್ ಆಗ್ತದೆ ಸರ್” ಅಂದರು. ಲೇಟಾಗುವುದು ಯಾರಿಂದ?

ಸಭಾ ಕಾರ್ಯಕ್ರಮದಿಂದ. ಕ್ವಾರ್ಟರ್ ಫೈನಲ್‌ಗಳು ಮುಗಿದು, ಎಂಟು ತಂಡ ನಾಲ್ಕಾಗಿ, ಮೈದಾನ ಕಾವೇರಿದ ಹೊತ್ತಿಗೆ ಸರಿಯಾಗಿ ಮೈಕಿನಲ್ಲಿ “ಈಗ ಕೆಲವೇ ನಿಮಿಷಗಳ ಪುಟ್ಟ ಸಭಾ ಕಾರ್ಯಕ್ರಮ” ಎಂದು ಕೇಳುತ್ತದೆ. ಅನುಭವಸ್ಥರು ಎದ್ದು ಚರುಮುರಿ ಗಾಡಿಯ ಕಡೆ ನಡೆಯುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ. ಗಾಳಿಗೆ ದೀಪ ನಿಲ್ಲುವುದಿಲ್ಲ, ಐದು ಜನ ಐದು ಸಲ ಹೊತ್ತಿಸಬೇಕು. ಶಾಲು, ಹಣ್ಣಿನ ಬುಟ್ಟಿ, ಶಂಕರಪುರ ಮಲ್ಲಿಗೆಯ ಹಾರ. ಹದಿನೆಂಟು ಜನರಲ್ಲಿ ಹನ್ನೊಂದು ಜನ ‘ಎರಡೇ ಮಾತು’ ಆಡುತ್ತಾರೆ. ಕ್ರೀಡೆಯಿಂದ ದೇಹ ಮನಸ್ಸು ಎರಡೂ ಸದೃಢವಾಗುತ್ತದೆ, ಸೋಲು ಗೆಲುವು ಸಮಾನವಾಗಿ ಸ್ವೀಕರಿಸಬೇಕು, ಕ್ರೀಡಾಂಗಣಕ್ಕೆ ಅನುದಾನ ತರಿಸುವ ಪ್ರಯತ್ನ ನಡೆದಿದೆ. ಅಷ್ಟರಲ್ಲಿ ವೇದಿಕೆಯ ಹಿಂದೆ, ಸದೃಢವಾದ ದೇಹಗಳು ತಣ್ಣಗಾಗಿ ಬಿಗಿದುಕೊಳ್ಳುತ್ತಿರುತ್ತವೆ. ಒಬ್ಬನ ಮೀನಖಂಡ ಹಿಡಿದುಕೊಂಡಿದೆ, ಇಬ್ಬರು ಐಸ್ ತಿಕ್ಕುತ್ತಾರೆ. ಒಬ್ಬ ಬ್ಯಾಗನ್ನೇ ತಲೆದಿಂಬು ಮಾಡಿ ಗೊರಕೆ ಹೊಡೆಯುತ್ತಿದ್ದಾನೆ. ಸಭೆಗೆಂದು ಒಂದೂವರೆ ಗಂಟೆ ನಿಂತ ಆಟದಲ್ಲಿ ಸ್ನಾಯು ಹರಿದುಕೊಂಡವರ ಪಟ್ಟಿ ಭಾವನ ಡೈರಿಯಲ್ಲಿ ಪ್ರತ್ಯೇಕವಾಗಿ ಉಂಟು.

ಆದರೂ ನಾನು ಸಭೆಯನ್ನು ಪೂರ್ತಿ ಬಯ್ಯಲಾರೆ. ಹನ್ನೊಂದು ಸಾವಿರದ ನೂರ ಹನ್ನೊಂದು ಎಲ್ಲಿಂದ ಬಂತು? ಆ ಶಾಲು ಹೊದ್ದವರ ಕಿಸೆಯಿಂದ. ಲೈಟಿನವನಿಗೆ, ಮೈಕಿನವನಿಗೆ, ಮ್ಯಾಟಿನ ಬಾಡಿಗೆಗೆ, ಗಂಜಿ ಊಟಕ್ಕೆ ಟಿಕೆಟ್ ಇಲ್ಲದ ಆಟದಲ್ಲಿ ಬೇರೆ ದಾರಿ ಯಾವುದು?

ಒಮ್ಮೆ ಮಣಿಪಾಲದಲ್ಲಿ ಓದುವ ಕೊಲ್ಕತ್ತದ ಹುಡುಗನೊಬ್ಬ ನಮ್ಮ ಜೊತೆ ಕಾಪುವಿಗೆ ಬಂದಿದ್ದ. ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವನು. ಶಾಲೆಯಲ್ಲಿ ರಗ್ಬಿ ಆಡಿದವನಂತೆ. ಮೊದಲ ಟ್ಯಾಕಲ್ ನೋಡಿಯೇ ಎದ್ದು ನಿಂತ. ಓಡುವವನ ಸೊಂಟಕ್ಕೆ ಹೆಗಲು ಕೊಟ್ಟು ಉರುಳಿಸುವುದು, ಕೈ ಕೈ ಹಿಡಿದು ಸರಪಳಿ ಕಟ್ಟುವುದು ಅವನಿಗೆ ಪರಿಚಯದ್ದೇ. ಸೆವೆನ್ಸ್ ರಗ್ಬಿಯಲ್ಲೂ ಏಳೇ ಜನ ಎಂದ. ಇಲ್ಲಿ ಚೆಂಡು ಮಾತ್ರ ಇಲ್ಲವಲ್ಲ ಎಂದು ನಗಾಡಿದ. ಭಾವ ತಮ್ಮ ಹಿಂದಿಯಲ್ಲಿ, ಒಳಗೆ ಹೋದವನೇ ಚೆಂಡು, ಅವನನ್ನು ಗೆರೆ ದಾಟಿಸಬಾರದು, ಅಷ್ಟೇ ಆಟ ಎಂದರು. ಹುಡುಗ ಅವನೂರಿನ ಒಂದು ಕಥೆ ಹೇಳಿದ. ಕಲ್ಕತ್ತೆಯ ರಗ್ಬಿ ಕ್ಲಬ್ಬು 1878ರಲ್ಲಿ ಬಾಗಿಲು ಹಾಕುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿ ಲಂಡನ್ನಿಗೆ ಕಳಿಸಿತು. ಮೂರು ಹಿಡಿಗಳೂ ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಸ್ಕಾಟ್ಲೆಂಡ್ ಈಗಲೂ ಆ ಕಲ್ಕತ್ತಾ ಕಪ್‌ಗೇ ಸೆಣಸುತ್ತವೆ. ಭಾವ ಬಾಯಿ ತೆರೆದು ಕೇಳಿದರು. ಅವರ ಬೆರಗು ಆನೆಯದ್ದೂ ಅಲ್ಲ, ಹಾವಿನದ್ದೂ ಅಲ್ಲ. “ಕ್ಲಬ್ಬು ಮುಚ್ಚುವಾಗ ದುಡ್ಡು ಉಳಿದಿತ್ತಾ ಮಾರಾಯ? ನಮ್ಮ ಯುವಕ ಮಂಡಲ ಮುಚ್ಚಿದಾಗ ಲೈಟಿನವನಿಗೆ ಕೊಡ್ಲಿಕ್ಕೆ ಬಾಕಿ ಇತ್ತು.”

ಆ ರಾತ್ರಿಯ ಸೆಮಿಫೈನಲ್ಲೇ ನಾನು ಹೇಳಹೊರಟದ್ದು. ಫೈನಲ್ ಎಂಬುದು ನನ್ನ ಮಟ್ಟಿಗೆ ಸ್ವಲ್ಪ ಸಪ್ಪೆ. ಅಲ್ಲಿಗೆ ಬಂದವರಿಗೆ ಎರಡರಲ್ಲೊಂದು ದೊಡ್ಡ ಫಲಕ ಖಾತ್ರಿ. ಮೂರು ಗಂಟೆಯ ಹೊತ್ತಿಗೆ ಕಾಲುಗಳೂ ಸಾಕೆನ್ನುತ್ತವೆ. ಸೆಮಿಯಲ್ಲಿ ಹಾಗಲ್ಲ. ಸೋತ ಇಬ್ಬರಲ್ಲಿ ಮೂರನೆಯವರು ಯಾರು ನಾಲ್ಕನೆಯವರು ಯಾರೆಂದು ಆಡಿಸುವುದಕ್ಕೂ ಸಮಯವಿಲ್ಲದೆ ಅಂಕ ನೋಡಿ ಹಂಚುತ್ತಾರೆ. ಹಾಗಾಗಿ ಊರಿಗೆ ಹೋಗಿ ಹೇಳಿಕೊಳ್ಳಲು ಸಿಗುವುದೆಲ್ಲ ಈ ಮೂವತ್ತು ನಿಮಿಷದಲ್ಲೇ ಸಿಗಬೇಕು.

ಒಂದು ಕಡೆ ಪಂದ್ಯಾಟ ಮಾಡಿಸಿದ ಕಡಲ ಬದಿಯ ಸಂಘವೇ. ಅದರ ಮುಖ್ಯ ರೈಡರ್ ಮಲ್ಪೆ ಬಂದರಿನ ಬೋಟಿನಲ್ಲಿ ದುಡಿಯುವವನು. ಬೋಟು ಆಳಸಮುದ್ರಕ್ಕೆ ಹೋದರೆ ಹತ್ತು ದಿನ. ಮರಳಿ ಬಂದ ಶನಿವಾರ ಮಾತ್ರ ತಂಡಕ್ಕೆ ರೈಡರ್ ಉಂಟು. ಜೂನ್ ಜುಲೈ ಮೀನುಗಾರಿಕೆಗೆ ನಿಷೇಧ, ಪೂರ್ತಿ ಬಿಡುವು; ಆದರೆ ಆಗ ಮಳೆ, ಪಂದ್ಯಾಟವೇ ಇಲ್ಲ. ಇನ್ನೊಂದು ಕಡೆ ಕಾರ್ಕಳದ ಆಚೆ ಘಟ್ಟದ ಬುಡದವರು, ಮುರಕಲ್ಲಿನ ಕೋರೆಯಲ್ಲಿ, ರಬ್ಬರ್ ತೋಟದಲ್ಲಿ ಕೆಲಸ ಮಾಡುವವರು. ಅವರ ಎಡ ಮೂಲೆಯವನು ಗಿಡ್ಡ, ಮಾತಿಲ್ಲ. ಬೆರಳು ಮ್ಯಾಟಿಗೆ ಊರಿ ಕುಕ್ಕರಗಾಲಿನಲ್ಲಿ ಕುಳಿತರೆ ಏಳುವುದಿಲ್ಲ. ಭಾವ ಅವನಿಗಿಟ್ಟ ಹೆಸರು ಗೊಮ್ಮಟ. 42 ಅಡಿ ಎತ್ತರದ ನಮ್ಮ ಕಾರ್ಕಳದ ಗೊಮ್ಮಟ 1432ರಿಂದ ನಿಂತ ಜಾಗ ಬಿಟ್ಟಿಲ್ಲವಲ್ಲ, ಇವನೂ ಹಾಗೆಯೇ ಅಂತೆ.

ಕೊನೆಯ ಸೀಟಿ ಬಿದ್ದಾಗ 23–23. ನಾಕೌಟಿನಲ್ಲಿ ಸಮವಾದರೆ ಐದೈದು ರೈಡ್. ಎರಡೂ ತಂಡ ಏಳೇಳು ಜನರನ್ನೂ ಇಳಿಸಬೇಕು. ಔಟಾದವನು ಹೊರಗೆ ಹೋಗುವುದಿಲ್ಲ, ಬರೇ ಅಂಕದ ಲೆಕ್ಕ. ಬಾಕ್ ಲೈನೇ ಬೋನಸ್ ಲೈನೂ ಆಗುತ್ತದೆ. ಹೋಗುವ ಐವರ ಹೆಸರು ಮೊದಲೇ ಕ್ರಮವಾಗಿ ರೆಫ್ರಿಯ ಕೈಗೆ. ಮಲಗಿದ್ದ ಮಕ್ಕಳನ್ನು ಅಪ್ಪಂದಿರು ಎಬ್ಬಿಸಿ ಹೆಗಲ ಮೇಲೆ ಕೂರಿಸಿಕೊಂಡರು. ಚರುಮುರಿಯವನು ಗಾಡಿ ಬಿಟ್ಟು ಬಂದ. ವಿವರಣೆಯವರಿಗೆ ಉಪಮೆಗಳು ಮುಗಿದು, ಬರೇ ಅಂಕ ಹೇಳತೊಡಗಿದರು.

ಒಂಬತ್ತು ರೈಡ್ ಮುಗಿದಾಗ ಘಟ್ಟದವರು ಒಂದಂಕ ಮುಂದೆ. ಹತ್ತನೆಯದು ಬೋಟಿನ ಹುಡುಗನದು. ಅವನು ಒಳಗೆ ಹೋದ, ಬಲಕ್ಕೆ ಎರಡು ಹೆಜ್ಜೆ ಹಾಕಿ ಹೆದರಿಸಿದ, ಅಲ್ಲಿಂದ ಎಡ ಮೂಲೆಗೆ ಕಾಲು ಚಾಚಿದ. ತಾಗಿತು; ತಾಗಿದ್ದು ನಮಗೆಲ್ಲ ಕಂಡಿತು. ಅದೇ ಕ್ಷಣಕ್ಕೆ ಕಾಯುತ್ತಿದ್ದ ಗೊಮ್ಮಟ ಎರಡೂ ಕೈಯಲ್ಲಿ ಹಿಮ್ಮಡಿಯ ಮೇಲಿನ ಗಂಟನ್ನು ಹಿಡಿದು ಎದೆಗೆ ಒತ್ತಿಕೊಂಡ. ಹುಡುಗ ಒಂಟಿಕಾಲಿನಲ್ಲಿ ಅವನನ್ನು ಎಳೆದುಕೊಂಡೇ ಮೂರು ಹಾರು ಹಾರಿದ. ಕವರಿನವನು ಬಂದು ಸೊಂಟಕ್ಕೆ ಬಿದ್ದ, ಇನ್ನೊಬ್ಬ ಅವನ ಮೇಲೆ. “ಪತ್ತ್‌ಲೆ, ಬುಡೊಡ್ಚಿ!” (ಹಿಡಿಯಿರಿ, ಬಿಡಬೇಡಿ) ಎಂದು ಭಾವ ಅರಚಿದರು. ಕಾಪುವಿನ ಜನರ ಮಧ್ಯೆ ಕುಳಿತು ಹಾಗೆ ಅರಚಬಾರದಿತ್ತು. ಮೂವರ ರಾಶಿಯ ಅಡಿಯಿಂದ ಒಂದು ಕೈ ಮಾತ್ರ ಹೊರಗೆ ಬಂದು ಮಧ್ಯಗೆರೆಯ ಕಡೆ ಹರಿಯಿತು. ಇಬ್ಬನಿಗೆ ಒದ್ದೆಯಾದ ಮ್ಯಾಟಿನ ಮೇಲೆ ಆ ಬೆರಳುಗಳು ಜಾರುತ್ತಾ ಹೋದವು. ಗೆರೆಗೆ ಎರಡು ಬೆರಳಿನಷ್ಟು ಅಂತರದಲ್ಲಿ ಸೀಟಿ.

ಆಮೇಲೆ ಆಗಬೇಕಾದ ಗಲಾಟೆ ಆಯಿತು. ಮುಟ್ಟಿದ್ದಾನೆ ಎಂದು ಇಪ್ಪತ್ತು ಮೊಬೈಲುಗಳು ಸಾಕ್ಷಿ ಹೇಳಲು ಬಂದವು, ಒಂದರಲ್ಲೂ ಸ್ಪಷ್ಟವಿಲ್ಲ. ಸ್ವಂತ ಸಂಘದ ಅಧ್ಯಕ್ಷರೇ ಮೈಕ್ ಹಿಡಿದು “ತೀರ್ಪುಗಾರರ ತೀರ್ಮಾನವೇ ಅಂತಿಮ, ಪತ್ರಿಕೆಯಲ್ಲಿ ಹಾಕಿದ್ದೇವೆ, ದಯಮಾಡಿ ಅಂಕಣ ಬಿಡಿ” ಎಂದ ಮೇಲೆ ಜನ ಹಿಂದೆ ಸರಿದರು. ಕೊಲ್ಕತ್ತದ ಹುಡುಗ ಅವರೆಲ್ಲರಿಗಿಂತ ಜೋರಾಗಿ, ಯಾರಿಗೂ ಅರ್ಥವಾಗದ ಬಂಗಾಳಿಯಲ್ಲಿ, ರೆಫ್ರಿಯ ಜೊತೆ ವಾದಿಸುತ್ತಿದ್ದ.

ನಾನು ಗಂಜಿಯ ಕಡೆ ಹೋದೆ. ಚಪ್ಪರದ ಹಿಂದೆ ಕುಚ್ಚಲು ಗಂಜಿ, ಮಾವಿನ ಮಿಡಿ, ಒಣಮೀನಿನ ಚಟ್ನಿ. ಫೈನಲಿಗೆ ಹೋಗುವವರು ತಿನ್ನುವಂತಿಲ್ಲ, ಆದರೂ ಗೊಮ್ಮಟ ಬಟ್ಟಲು ಹಿಡಿದು ನಿಂತಿದ್ದ. ಬಡಿಸಲು ಬಕೆಟ್ ಹಿಡಿದು ಬಂದವನು ಬೋಟಿನ ಹುಡುಗ. ಜೆರ್ಸಿ ಇನ್ನೂ ಬದಲಾಯಿಸಿಲ್ಲ, ಹಿಮ್ಮಡಿಯ ಮೇಲೆ ಐದು ಬೆರಳಿನ ಕೆಂಪು ಗುರುತು. ಅವನ ಸಂಘದ ಪಂದ್ಯಾಟ, ಬಡಿಸುವವರು ಕಡಿಮೆಯಿದ್ದರು, ಹಾಗಾಗಿ ಬಂದಿದ್ದ.

“ಮುಟ್ಟಿತ್ತಾ?” ಎಂದ ಗೊಮ್ಮಟ. ಅವನ ಮಾತು ನಾನು ಕೇಳಿದ್ದು ಅದೊಂದೇ.

“ಇಲ್ಲ. ಉಪ್ಪಿನಕಾಯಿ ಹಾಕ್ಲಾ?”

ಫೈನಲ್ ಏಕಪಕ್ಷೀಯವಾಗಿ ಮುಗಿಯಿತು. ಉಡುಪಿ ಪೇಟೆಯ ತಂಡವೊಂದು, ಮೂವರು ಅತಿಥಿ ಆಟಗಾರರೊಂದಿಗೆ, ಘಟ್ಟದವರನ್ನು ಎರಡು ಸಲ ಆಲ್ ಔಟ್ ಮಾಡಿತು. ಬಹುಮಾನ ಕೊಡಲು ಹದಿನೆಂಟು ಅತಿಥಿಗಳಲ್ಲಿ ಇಬ್ಬರು ಉಳಿದಿದ್ದರು. ಭಾವ ಸ್ಕೂಟರಿನ ಸೀಟಿನ ಮೇಲೆ ಡೈರಿ ಇಟ್ಟು ಮೊಬೈಲಿನ ಬೆಳಕಿನಲ್ಲಿ ಬರೆದುಕೊಂಡರು. ಫೈನಲಿಗೆ ಒಂದು ಸಾಲು, ಸೆಮಿಗೆ ಒಂದೂವರೆ ಪುಟ. ಬರೆಯುತ್ತಲೇ ತಲೆಯೆತ್ತದೆ ಹೇಳಿದರು:

“ಬರುವ ಶನಿವಾರ ಬೈಲೂರಿನಲ್ಲಿ ಉಂಟು. ಈ ಎರಡು ಟೀಮು ಅಲ್ಲಿಗೂ ಬರ್ತದೆ. ಬೋಟು ಹೋಗದಿದ್ದರೆ.”

“ಆ ದಿನ ನಿಮ್ಮ ಅಣ್ಣನ ಮಗಳ ಮದುವೆ ಅಲ್ವಾ ಭಾವ?”

“ಮದುವೆ ಮಧ್ಯಾಹ್ನ. ಇಲ್ಲಿ ಇಪ್ಪತ್ತೆರಡು ಅತಿಥಿಗಳು. ಎರಡು ಗಂಟೆಗೆ ಮೊದಲು ಸೆಮಿ ಶುರುವಾದರೆ ನನ್ನ ಹೆಸರು ಬದಲಾಯಿಸಿ.”